ಓದುಗರ ಪ್ರಶ್ನೆ: ರೋಮ್‌ನಲ್ಲಿ ಇಳಿದು ಸಾಮಾನಿನೊಂದಿಗೆ ಹಡಗಿನವರೆಗೆ

ಪ್ರಶ್ನೆ: ನಾವು ಅರವತ್ತು ದಾಟಿದ ದಂಪತಿ. ರೋಮ್‌ನಿಂದ ಹೊರಡುವ ಕ್ರೂಸ್‌ಗೆ ಟಿಕೆಟ್ ಕಾಯ್ದಿರಿಸಿದ್ದೇವೆ. ವಿಮಾನವು ಫ್ಯೂಮಿಚಿನೊ ನಿಲ್ದಾಣಕ್ಕೆ ಬೆಳಿಗ್ಗೆ ಎಂಟಕ್ಕೆ ಬರುತ್ತದೆ, ಹಡಗು ಅದೇ ದಿನ ಸಂಜೆ ಐದಕ್ಕೆ ಹೊರಡುತ್ತದೆ. ತಲಾ ಒಂದು ದೊಡ್ಡ ಸೂಟ್‌ಕೇಸ್ ಇದೆ. ಟ್ಯಾಕ್ಸಿ ಬಹಳ ದುಬಾರಿ ಎನ್ನುತ್ತಾರೆ. ರೈಲಿನಲ್ಲಿ ಹೋಗಬಹುದೇ?

ಉತ್ತರ: ಖಂಡಿತ ಹೋಗಬಹುದು. ಆದರೆ ಮೊದಲಿಗೆ ಒಂದು ಮಾತು: ನಿಮ್ಮ ಹಡಗು ರೋಮ್‌ನಿಂದ ಹೊರಡುವುದಿಲ್ಲ. ಅದು ನಿಲ್ಲುವುದು ರೋಮ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಚಿವಿಟವೆಕ್ಕಿಯಾ ಬಂದರಿನಲ್ಲಿ. ಜನಪ್ರಿಯ ನಗರದ ಹೆಸರನ್ನು ಮುಂದಿಟ್ಟು ಟಿಕೆಟ್ ಮಾರುವುದು ಕ್ರೂಸ್ ಕಂಪನಿಗಳ ಹಳೆಯ ರೂಢಿ. ಲಂಡನ್ ಎಂದರೆ ಹಲವು ಬಾರಿ ಸೌತಾಂಪ್ಟನ್, ಪ್ಯಾರಿಸ್ ಎಂದರೆ ಲ ಹಾವ್ರ್, ಬರ್ಲಿನ್ ಎಂದರೆ ಬಾಲ್ಟಿಕ್ ತೀರದ ವಾರ್ನೆಮ್ಯೂಂಡೆ. ಆದ್ದರಿಂದ ಟಿಕೆಟ್‌ನಲ್ಲಿ ನಗರದ ಹೆಸರನ್ನಲ್ಲ, ಬಂದರಿನ ಮತ್ತು ಟರ್ಮಿನಲ್‌ನ ಹೆಸರನ್ನು ನೋಡಿ ದಾರಿ ನಿರ್ಧರಿಸಬೇಕು.

ವಿಮಾನ ನಿಲ್ದಾಣದಲ್ಲಿ ಎದ್ದು ಕಾಣುವುದು ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿನ ಫಲಕಗಳು. ಅದು ಎಲ್ಲಿಯೂ ನಿಲ್ಲದೆ 32 ನಿಮಿಷಗಳಲ್ಲಿ ರೋಮ್‌ನ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಯನ್ನು ಮುಟ್ಟುತ್ತದೆಂಬುದು ನಿಜ. ಆದರೂ ಸಾಮಾನು ಹೊತ್ತವರಿಗೆ ಆ ದಾರಿಯನ್ನು ನಾನು ಹೇಳುವುದಿಲ್ಲ. ಟರ್ಮಿನಿಯಲ್ಲಿ ಚಿವಿಟವೆಕ್ಕಿಯಾ ಕಡೆಯ ಪ್ರಾದೇಶಿಕ ರೈಲುಗಳು ಸಾಮಾನ್ಯವಾಗಿ 25ರ ನಂತರದ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತವೆ. ಅಲ್ಲಿಗೆ ಜನಜಂಗುಳಿಯ ನಡುವೆ, ಜೇಬುಗಳ್ಳರ ಭಯದಲ್ಲಿ, ಸೂಟ್‌ಕೇಸ್ ಎಳೆದುಕೊಂಡು ನಡೆಯುವಷ್ಟರಲ್ಲಿಯೇ ಸುಸ್ತಾಗುತ್ತದೆ. ಅದರ ಬದಲು ಎಫ್‌ಎಲ್1 ಎಂಬ ಉಪನಗರ ರೈಲನ್ನು ಹಿಡಿದು ರೋಮಾ ಟ್ರಾಸ್ಟೆವೆರೆ ನಿಲ್ದಾಣದಲ್ಲಿ ಇಳಿಯಿರಿ. ಟರ್ಮಿನಿಯಿಂದ ಹೊರಟು ಚಿವಿಟವೆಕ್ಕಿಯಾಗೆ ಹೋಗುವ ಎಫ್‌ಎಲ್5 ರೈಲುಗಳು ಅಲ್ಲಿಗೇ ಬರುತ್ತವೆ. ಮುಂದಿನ ಪಯಣಕ್ಕೆ ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. ಟ್ರಾಸ್ಟೆವೆರೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸಲು ಕೆಳದಾರಿಯಲ್ಲಿ ದಾಟಬೇಕಾಗುವುದರಿಂದ, ಹತ್ತು ನಿಮಿಷದ ಅಂತರದ ರೈಲನ್ನು ನಂಬಿ ಓಡುವುದಕ್ಕಿಂತ ಅದರ ಮುಂದಿನ ರೈಲನ್ನೇ ಲೆಕ್ಕಕ್ಕೆ ಹಿಡಿಯುವುದು ಜಾಣತನ. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಲೇಬೇಕು, ಇಲ್ಲವಾದರೆ ದಂಡ ತೆರಬೇಕಾದೀತು.

ಚಿವಿಟವೆಕ್ಕಿಯಾ ನಿಲ್ದಾಣದಿಂದ ಸಮುದ್ರ ಹತ್ತಿರದಲ್ಲೇ ಇದೆ, ಹಡಗು ಅಷ್ಟು ಹತ್ತಿರವಿಲ್ಲ. ನಿಲ್ದಾಣದ ಹೊರಗಿನಿಂದ ಲಾರ್ಗೊ ಡೆಲ್ಲಾ ಪಾಚೆ ಎಂಬಲ್ಲಿಗೆ ಟಿಕೆಟ್ ಪಡೆದು ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬಂದರಿನ ಉಚಿತ ಬಸ್ಸಿನಲ್ಲಿ ಹಡಗಿನ ಬಳಿಗೆ ತಲುಪುವುದು ವಾಡಿಕೆ. ಎರಡು ರೈಲು, ಎರಡು ಬಸ್ಸು ಎಂದರೆ ನಾಲ್ಕು ಬಾರಿ ಸಾಮಾನು ಹತ್ತಿಸಿ ನಾಲ್ಕು ಬಾರಿ ಇಳಿಸಬೇಕು. ದೂರಕ್ಕಿಂತ, ದರಕ್ಕಿಂತ ಈ ಲೆಕ್ಕವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ದೂರದ ಭಾಗವನ್ನು ರೈಲಿನಲ್ಲಿ ಮುಗಿಸಿ, ಕೊನೆಯ ಒಂದೆರಡು ಕಿಲೋಮೀಟರ್‌ಗೆ ಟ್ಯಾಕ್ಸಿ ಹಿಡಿದರೆ ಯಾರೂ ಆಕ್ಷೇಪಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ನಿಮ್ಮ ವಿಮಾನ, ಹಡಗು ಎರಡೂ ಒಂದೇ ದಿನ ಇರುವುದು. ಐದಕ್ಕೆ ಹಡಗು ಎಂದರೆ ಐದರವರೆಗೆ ಹತ್ತಿಸಿಕೊಳ್ಳುತ್ತಾರೆ ಎಂದಲ್ಲ. ಪ್ರಯಾಣಿಕರ ಪಟ್ಟಿಯನ್ನು ಅಂತಿಮಗೊಳಿಸಬೇಕಾದ್ದರಿಂದ ಹಡಗು ಹೊರಡುವುದಕ್ಕೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಮೊದಲೇ ಬಾಗಿಲು ಮುಚ್ಚುತ್ತಾರೆ. ವಿಮಾನ ಎರಡು ಗಂಟೆ ತಡವಾಗಬಹುದು, ಸೂಟ್‌ಕೇಸ್ ಬೆಲ್ಟ್‌ಗೆ ಬರುವುದು ನಿಧಾನವಾಗಬಹುದು. ಇಟಲಿಯಲ್ಲಿ ರೈಲು ಮುಷ್ಕರಗಳೂ ಅಪರೂಪವಲ್ಲ. ಮುಷ್ಕರದ ದಿನವನ್ನು ಮೊದಲೇ ಪ್ರಕಟಿಸುತ್ತಾರೆ. ಕೆಲಸದ ದಿನಗಳಲ್ಲಾದರೆ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಖಾತರಿಯಾಗಿರುತ್ತದೆ. ನಿಮಗೆ ರೈಲು ಬೇಕಾಗುವುದು ಸರಿಯಾಗಿ ಆ ಎರಡು ಅವಧಿಗಳ ನಡುವಿನಲ್ಲಿ! ಆದ್ದರಿಂದ ಸಾಧ್ಯವಿದ್ದರೆ ವಿಮಾನದ ಟಿಕೆಟನ್ನು ಹಿಂದಿನ ದಿನಕ್ಕೆ ಬದಲಿಸಿ, ಆ ರಾತ್ರಿ ಚಿವಿಟವೆಕ್ಕಿಯಾದಲ್ಲಿಯೇ ತಂಗಿ.

ಟರ್ಮಿನಲ್‌ನಲ್ಲಿ ದೊಡ್ಡ ಸೂಟ್‌ಕೇಸನ್ನು ಪೋರ್ಟರ್‌ಗಳಿಗೆ ಒಪ್ಪಿಸಿದರೆ ಅದು ನಿಮ್ಮ ಕೋಣೆಗೆ ಬರುವುದು ಸಂಜೆಯ ಹೊತ್ತಿಗೆ. ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಲಿ. ಸೂಟ್‌ಕೇಸ್‌ಗೆ ಅಂಟಿಸಲು ಕಂಪನಿ ಕಳುಹಿಸುವ ಹೆಸರಿನ ಚೀಟಿಯನ್ನು ಮುದ್ರಿಸಿಕೊಂಡಿರಿ, ಆದರೆ ಟರ್ಮಿನಲ್ ತಲುಪಿದ ಮೇಲೆ ಅಂಟಿಸಿ. ಕಾಗದದ ಚೀಟಿ ರೈಲು, ಬಸ್ಸುಗಳ ತಿಕ್ಕಾಟದಲ್ಲಿ ಹರಿದುಹೋಗುತ್ತದೆ.

ಪ್ರಶ್ನೆ: ಇಂತಹ ಪ್ರಯಾಣಕ್ಕೆ ನಾಲ್ಕು ಚಕ್ರದ ಸೂಟ್‌ಕೇಸ್ ಒಳ್ಳೆಯದೇ, ಎರಡು ಚಕ್ರದ್ದೇ?

ಉತ್ತರ: ನುಣುಪಾದ ನೆಲವಿದ್ದಲ್ಲಿ ನಾಲ್ಕು ಚಕ್ರದ್ದು ಹಗುರವಾಗಿ ಸಾಗುತ್ತದೆ. ಆದರೆ ರೋಮ್‌ನ ಕಲ್ಲುಹಾಸಿನ ಬೀದಿಗಳಲ್ಲಿ ಅದರ ಪುಟ್ಟ ಚಕ್ರಗಳು ಸಂದಿಗಳಿಗೆ ಸಿಕ್ಕಿಕೊಳ್ಳುತ್ತವೆ, ಮತ್ತು ರೈಲು ಬ್ರೇಕ್ ಹಾಕಿದಾಗ ಇಡೀ ಪೆಟ್ಟಿಗೆ ತಾನೇ ಬೋಗಿಯ ಆಚೆ ತುದಿಗೆ ಹೊರಟುಬಿಡುತ್ತದೆ. ಎರಡು ದೊಡ್ಡ ಚಕ್ರದ, ತುಂಬಿಸಿದ ಮೇಲೂ ನೀವೊಬ್ಬರೇ ಒಂದು ಮಹಡಿ ಮೆಟ್ಟಿಲು ಹತ್ತಿಸಬಲ್ಲಂಥದ್ದನ್ನು ಆರಿಸಿಕೊಳ್ಳಿ. ನಾಲ್ಕು ಚಕ್ರದ್ದೇ ಇದ್ದರೆ ರೈಲಿನಲ್ಲಿ ಅದನ್ನು ಅಡ್ಡ ಮಲಗಿಸಿ.