ತುಟಿಯ ಮೇಲಿನ ಮಚ್ಚೆಗೆ ಸುಣ್ಣ ಹಚ್ಚಬಹುದಾ?

ತುಟಿಯ ಮೇಲೆ ಉಬ್ಬಿರುವ ಮಚ್ಚೆಗೆ ಸುಣ್ಣ, ಸೋಡಾ ಕಲಸಿ ಹಚ್ಚಿದರೆ ಉದುರುತ್ತದಾ, ಮದುವೆಗೆ ಮುಂಚೆ ಹೋಗಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಹಚ್ಚಬೇಡಿ. ಸುಣ್ಣಕ್ಕೆ ವಾಷಿಂಗ್ ಸೋಡಾ ಬೆರೆತರೆ ಆಗುವುದು ಕಾಸ್ಟಿಕ್ ಸೋಡಾ. ಮಚ್ಚೆ ಯಾವುದು, ಒಳ್ಳೆಯ ಚರ್ಮ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಸುಡುತ್ತಾ ಒಳಗೆ ಇಳಿಯುತ್ತದೆ. ಮಚ್ಚೆ ಹೋದರೂ ಮುಖದ ಮೇಲೆ ಗುಳಿಬಿದ್ದ ಕಲೆ ಉಳಿಯಬಹುದು.

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಎಂಬ ಕೋಶಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಹರಡಿರುತ್ತವೆ. ಒಂದು ಕೋಶದ ಜೀನ್‌ನಲ್ಲಿ ಸಣ್ಣ ಬದಲಾವಣೆಯಾದರೆ ಅದು ಒಂದಷ್ಟು ಕಾಲ ಒಡೆದು ಹೆಚ್ಚಿ, ಗುಂಪುಗಟ್ಟಿ, ಆಮೇಲೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಆ ಗುಂಪೇ ಮಚ್ಚೆ. ಹುಟ್ಟುವಾಗಲೇ ಮಚ್ಚೆ ಇರುವುದು ಸುಮಾರು ನೂರರಲ್ಲಿ ಒಂದು ಮಗುವಿಗೆ. ಮಿಕ್ಕವರಿಗೆ ಬಾಲ್ಯದಿಂದ 40ರೊಳಗೆ ಬರುತ್ತವೆ. ಬಿಸಿಲೂ ಒಂದು ಕಾರಣ. ವರ್ಷ ಕಳೆದಂತೆ ಕೆಲವು ಉಬ್ಬಿ, ಬಣ್ಣ ಮಾಸುತ್ತವೆ. ಕೂದಲು ಬಂದಿದೆ ಎಂದು ಹೆದರಬೇಡಿ, ಕತ್ತರಿಯಲ್ಲಿ ಕತ್ತರಿಸಿದರೆ ಸಾಕು.

ನನ್ನ ಗದ್ದದ ಮೇಲೆ ಇಂಥದೇ ಉಬ್ಬು ಮಚ್ಚೆ ಇತ್ತು. ಚರ್ಮದ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ಚುರ್ ಎಂದು ಉರಿಯಿತು, ಆಮೇಲೆ ಬ್ಲೇಡ್ ಆಡಿದ್ದೇ ತಿಳಿಯಲಿಲ್ಲ. ಚರ್ಮದ ಮಟ್ಟಕ್ಕೆ ಹೆರೆದು, ರಕ್ತ ನಿಲ್ಲಲು ಕಾಟರಿ ಎಂಬ ಬಿಸಿ ಮಾಡಿ ಸುಡುವ ಸಾಧನ ಮುಟ್ಟಿಸಿದರು. ಕೂದಲು ಸುಟ್ಟ ವಾಸನೆ ಬಂತು. ಹೊಲಿಗೆ ಬೇಕಾಗಲಿಲ್ಲ. ಹಕ್ಕಳೆ ತಾನಾಗಿ ಉದುರುವವರೆಗೆ ಕೀಳಬಾರದು, ನಂತರ ತಿಂಗಳುಗಟ್ಟಲೆ ಸನ್‌ಸ್ಕ್ರೀನ್ ಬಿಡಬಾರದು. ಕಲೆ ಮಾಸಲು ಸಮಯ ಬೇಕು, ಹಾಗಾಗಿ ಮದುವೆಗೆ ಮೂರು ತಿಂಗಳಾದರೂ ಬಾಕಿ ಇದ್ದರೆ ಮಾತ್ರ ಮಾಡಿಸಿ.

ಹೆರೆದರೆ ಬೇರು ಉಳಿಯುತ್ತದೆ, ಕೂದಲೋ ಕಪ್ಪೋ ಮತ್ತೆ ಬರಬಹುದು. ಬುಡಸಮೇತ ಕತ್ತರಿಸಿ ಹೊಲಿಗೆ ಹಾಕಿದರೆ ಆ ಚಿಂತೆ ಕಡಿಮೆ, ಆದರೆ ಗೆರೆಯಂಥ ಕಲೆ ಇರುತ್ತದೆ. ಗಾಯವಾದಲ್ಲಿ ಚರ್ಮ ದಪ್ಪಗೆ ಬೆಳೆಯುವ ಕೆಲಾಯ್ಡ್ ಸ್ವಭಾವ ನಿಮ್ಮದಾಗಿದ್ದರೆ ಮೊದಲೇ ಹೇಳಿ.

ಲೇಸರ್ ಬಗ್ಗೆ ನನಗಿರುವ ತಕರಾರು ಒಂದೇ: ಅದು ಮಚ್ಚೆಯನ್ನು ಸುಟ್ಟುಬಿಡುತ್ತದೆ, ಕ್ಯಾನ್ಸರ್ ಇದೆಯೇ ಎಂದು ನೋಡಲು ಲ್ಯಾಬಿಗೆ ಕಳಿಸೋಣವೆಂದರೆ ಏನೂ ಉಳಿಯುವುದಿಲ್ಲ. ಡರ್ಮೋಸ್ಕೋಪ್ ಎಂಬ, ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡದೆ ಲೇಸರ್ ಹಿಡಿಯುವ ಬ್ಯೂಟಿ ಕ್ಲಿನಿಕ್ಕಿಗೆ ಹೋಗಬೇಡಿ. ಅಂಚು ವಕ್ರವಾಗಿದ್ದರೆ, ಎರಡು ಮೂರು ಬಣ್ಣ ಇದ್ದರೆ, 6 ಮಿಲಿಮೀಟರ್ ದಾಟಿದ್ದರೆ, ಈಚೆಗೆ ಬದಲಾಗುತ್ತಿದ್ದರೆ, ರಕ್ತ ಒಸರಿದರೆ ಮದುವೆಗೂ ಕಾಯದೆ ತೋರಿಸಿ. ನಮ್ಮ ಮೈಬಣ್ಣದವರಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಮೆಲನೋಮಾದಿಂದ. ನಿಮ್ಮ ಮಚ್ಚೆ ಮಾಮೂಲಿಯಂತೆ ಕಂಡರೂ ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಲು ಹೇಳಿ, ರಿಪೋರ್ಟನ್ನು ಕೇಳಿ ಪಡೆದುಕೊಳ್ಳಿ.