ಇಂಗ್ಲಿಷ್ ಕಲಿತ ಖುಷಿಯನ್ನು ಯಾಕೆ ಮುಚ್ಚಿಡಬೇಕು?

ಸಿಂಧನೂರಿನ ನಿವೃತ್ತ ಕನ್ನಡ ಮಾಸ್ತರರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಕಲಿತ ಸಂತೋಷದ ಬಗ್ಗೆ ಓದುಗರ ಬರಹ ಹಾಕಿದ್ದೀರಿ. ಕನ್ನಡ ಶಾಲೆಗಳಿಗೆ ಬೀಗ ಬೀಳುತ್ತಿರುವಾಗ ಕನ್ನಡ ಪತ್ರಿಕೆಯೇ ಹೀಗೆ ಮಾಡಿದರೆ ಹೇಗೆ? ನಾನೂ ನಿವೃತ್ತಿಯಾದ ಮೇಲೆ ಮೊಮ್ಮಗಳಿಂದ ಇಂಗ್ಲಿಷ್ ಪೇಪರ್ ಓದಲು ಕಲಿತೆ. ಅದನ್ನು ಊರಿಗೆಲ್ಲ ಸಾರಲಿಲ್ಲ.’

ಗುರುಗಳೇ, ಕನ್ನಡ ಶಾಲೆ ಮುಚ್ಚಿದರೆ ನನಗೂ ಕರುಳು ಚುರ್ ಎನ್ನುತ್ತದೆ. ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ‘ಊರಿಗೆಲ್ಲ ಸಾರಲಿಲ್ಲ’ ಎಂದಿರಲ್ಲ, ಅದು ಚುಚ್ಚಿತು. ಯಾಕೆ ಸಾರಬಾರದು?

ಇಂಗ್ಲಿಷಿನಿಂದ ಆದ ಅವಮಾನದ ಕಥೆ ನಮ್ಮ ಕಡೆ ಮನೆಗೊಂದು ಸಿಗುತ್ತದೆ. ಖುಷಿಯ ಕಥೆಗಳೂ ಇವೆ. ಯಾರೂ ಕೇಳುವುದಿಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

ನನ್ನದನ್ನು ಹೇಳುತ್ತೇನೆ. ಯಲಬುರ್ಗಾ ಕಡೆಯ ಹಳ್ಳಿ ನಮ್ಮದು. ನಾನು ಏಳನೇ ಕ್ಲಾಸಿನಲ್ಲಿದ್ದೆ. ಒಂದು ಮಧ್ಯಾಹ್ನ ಮನೆಗೆ ತಂತಿ ಬಂತು. ಆಗೆಲ್ಲ ತಂತಿ ಬಂತೆಂದರೆ ಯಾರೋ ಸತ್ತರು ಎಂದೇ ಲೆಕ್ಕ. ಅಂಚೆಯವನು ಸಹಿ ಹಾಕಿಸಿಕೊಂಡು ಹೋಗಿಬಿಟ್ಟ. ಒಳಗೇನಿದೆ ಎಂದು ಓದುವವರಿಲ್ಲ. ಅಜ್ಜಿ ಆಗಲೇ ಸೆರಗು ಬಾಯಿಗಿಟ್ಟು ಅಳತೊಡಗಿದ್ದಳು. ಅವ್ವ ಕಾಗದವನ್ನು ನನ್ನ ಕೈಗೆ ಕೊಟ್ಟಳು. ‘ಸನ್ ಬಾರ್ನ್ ಬೋತ್ ವೆಲ್.’ ‘ಸನ್’ ಗೊತ್ತಿತ್ತು. ‘ವೆಲ್’ ಗೊತ್ತಿತ್ತು. ಅಕ್ಕ ಬಸುರಿ ಅನ್ನುವುದೂ ಗೊತ್ತಿತ್ತು. ಉಳಿದದ್ದನ್ನು ಊಹಿಸಿದೆ. ‘ಅಕ್ಕನಿಗೆ ಗಂಡುಮಗು, ಇಬ್ಬರೂ ಆರಾಮ ಇದ್ದಾರೆ’ ಎಂದೆ. ಅಜ್ಜಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದಳು. ಗುರುಗಳೇ, ಇಂಗ್ಲಿಷ್ ಎಂದರೆ ನನಗೆ ಇವತ್ತಿಗೂ ಆ ಬೆಲ್ಲದ ರುಚಿ.

ಅಪ್ಪ ಓದಿದ್ದು ನಿಜಾಮನ ಕಾಲದಲ್ಲಿ, ಉರ್ದುವಿನಲ್ಲಿ. 1948ರವರೆಗೆ ನಮ್ಮ ರಾಯಚೂರು-ಕೊಪ್ಪಳದ ಶಾಲೆ, ಕಚೇರಿಗಳಲ್ಲಿ ಅದರದೇ ಕಾರುಬಾರು. ಅಪ್ಪ ಅರ್ಜಿ ಬರೆದರೆ ಉರ್ದುವಿನಲ್ಲೇ. ಬೆಳಗಿನ ಜಾವ ಎದ್ದು ಹಾಡುತ್ತಿದ್ದದ್ದು ಮಾತ್ರ ಕನ್ನಡದ ತತ್ವಪದ. ಉರ್ದು ಕಲಿತು ಆತ ಕನ್ನಡ ಬಿಟ್ಟನೇ? ಅರ್ಜಿ, ಜಮೀನು, ವಕೀಲ ಎಂಬ ಮಾತುಗಳು ಆ ಕಡೆಯಿಂದ ಬಂದು ನಮ್ಮವೇ ಆಗಿಹೋದವು, ಅಲ್ವಾ?

ಬಳ್ಳಾರಿಯ ಕಥೆ ಬೇರೆ. ಅದು 1953ರವರೆಗೆ ಮದ್ರಾಸಿಗೆ ಸೇರಿತ್ತು. ಇಂಗ್ಲಿಷ್ ಅಲ್ಲಿ ಬೇಗ ಬಂತು. ಆದರೆ ಬಂದವರು ಮೊದಲು ಕನ್ನಡ ಕಲಿತರು, ಇದನ್ನು ನಾವು ಮರೆತಿದ್ದೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತಂದರು. ಅಲ್ಲೇ ಕೆಲಸ ಮಾಡಿದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಅಚ್ಚಾಯಿತು. ಕಿಟೆಲರ ನಿಘಂಟಿಗಿಂತ 70 ವರ್ಷ ಮೊದಲು! ನಿಘಂಟು ಎಂದರೆ ಕಿಟೆಲರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ನಮ್ಮ ಬಿಸಿಲಿನಲ್ಲಿ ಕೂತು ಒಂದೊಂದೇ ಇಂಗ್ಲಿಷ್ ಪದಕ್ಕೆ ಕನ್ನಡ ಪದ ಹುಡುಕಿದವರನ್ನು ನಮ್ಮ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ? ಬಳ್ಳಾರಿ ರಾಘವರನ್ನೂ ನೆನೆಯಿರಿ. ಕಸುಬಿನಿಂದ ವಕೀಲರು. ತೆಲುಗು, ಕನ್ನಡ ನಾಟಕಗಳ ಜೊತೆಗೆ ಶೇಕ್ಸ್‌ಪಿಯರನ ಪಾತ್ರಗಳನ್ನು ಇಂಗ್ಲಿಷಿನಲ್ಲೇ ಆಡಿದರು. ಒಂದು ಭಾಷೆಗೆ ಇನ್ನೊಂದು ಅವರಲ್ಲಿ ಅಡ್ಡ ಬರಲಿಲ್ಲ.

ಇಷ್ಟು ದೂರ ಯಾಕೆ ಹೋಗಬೇಕು, ಗಂಗಾವತಿ ದಾಟಿ ಸಾಣಾಪುರಕ್ಕೆ ಹೋಗಿ. ಅಲ್ಲಿ ಹರಿಗೋಲು ನಡೆಸುವ ಒಬ್ಬರನ್ನು ಮಾತಾಡಿಸಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ವಿದೇಶದವರನ್ನು ಕೂರಿಸಿಕೊಂಡು ನೀರಿನ ಆಳ, ಬಂಡೆ, ಹಕ್ಕಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ವ್ಯಾಕರಣ ಅಲ್ಲಲ್ಲಿ ತಪ್ಪುತ್ತಿತ್ತು. ಕೇಳುವವರಿಗೆ ಒಂದೂ ತಪ್ಪದೆ ಅರ್ಥವಾಗುತ್ತಿತ್ತು. ‘ಹೇಗೆ ಕಲಿತಿರಿ?’ ಎಂದೆ. ‘ತಪ್ಪು ಮಾತಾಡಿದ್ರೂ ಅವ್ರು ನಗಲಿಲ್ಲ ಸರ್’ ಎಂದರು.

ನೋಡಿ, ರೋಗ ಇರುವುದು ಇಲ್ಲಿಯೇ. ನಗುವವರು ನಾವು. ನನ್ನ ಮೊದಲ ಸಂದರ್ಶನದಲ್ಲಿ ನನ್ನ ಉಚ್ಚಾರಣೆ ಕೇಳಿ ಮೇಜಿನ ಆಚೆ ನಕ್ಕವರೂ ಕನ್ನಡಿಗರೇ. ಶಾಲೆಯಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಮಗುವನ್ನು ಇಡೀ ಕ್ಲಾಸಿನ ಮುಂದೆ ನಿಲ್ಲಿಸುತ್ತೇವೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 (ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಎಂಜಿನಿಯರಿಂಗ್, ಮೆಡಿಕಲ್ ಸೀಟಿನಲ್ಲಿ ಪಾಲು ಸಿಕ್ಕಿತು. ತುಂಬಾ ಒಳ್ಳೆಯದಾಯಿತು. ಆದರೆ ಕನ್ನಡದಲ್ಲಿ ಓದಿ ಜಾಣರಾದ ಹುಡುಗ-ಹುಡುಗಿಯರು ಅಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ಸೀಟು ಸಿಕ್ಕಿತು, ಮಾತು ಸಿಗಲಿಲ್ಲ. ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದು ಎಷ್ಟೋ ವರ್ಷವಾಯಿತು. ಪುಸ್ತಕ ಕೊಟ್ಟರೆ ಸಾಕೇ? ಒಬ್ಬರೇ ಟೀಚರ್ ಎರಡು ಮೂರು ಕ್ಲಾಸು ಒಟ್ಟಿಗೆ ಕೂರಿಸಿಕೊಂಡು ಯಾರ ಜೊತೆ ಮಾತಾಡಬೇಕು? ಅದಕ್ಕೇ ಅಪ್ಪ-ಅವ್ವ ಸಾಲ ಮಾಡಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಕನ್ನಡ ಶಾಲೆಯಲ್ಲೇ ಧೈರ್ಯವಾಗಿ ಇಂಗ್ಲಿಷ್ ಮಾತಾಡಲು ಕಲಿಸಿದ್ದರೆ ಅವರು ವ್ಯಾನಿನ ದಾರಿ ಕಾಯುತ್ತಿದ್ದರೇ?

ಎಪ್ಪತ್ತರ ಹತ್ತಿರದಲ್ಲಿ, ಮೊಮ್ಮಗಳ ಪಕ್ಕ ಕೂತು ಹೊಸ ಭಾಷೆಯ ಪೇಪರ್ ಬಿಡಿಸಿದಿರಲ್ಲ, ಕನ್ನಡದ ಮಾಸ್ತರರೇ ಹೀಗೆ ಕಲಿತರು ಅಂದರೆ ಎಷ್ಟು ಮಕ್ಕಳ ಅಂಜಿಕೆ ಹೋದೀತು! ಮೊದಲು ಓದಿದ ಸುದ್ದಿ ಯಾವುದು, ಎಲ್ಲಿ ತೊಡರಿದಿರಿ, ಆಗ ಮೊಮ್ಮಗಳು ಏನಂದಳು, ಎಲ್ಲ ಬರೆಯಿರಿ. 20ನೇ ತಾರೀಖಿನೊಳಗೆ ತಲುಪಿಸಿದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

- ಸಂಪಾದಕ