ವಿದೇಶದ ಟ್ಯಾಕ್ಸಿ, ಬಸ್ಸುಗಳಲ್ಲಿ ಸೀಟ್ ಬೆಲ್ಟ್: ದಂಡ ಯಾರ ತಲೆಗೆ?

ಹೊರದೇಶಗಳಲ್ಲಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕಿಕೊಳ್ಳಲೇಬೇಕೇ, ಹಾಗಿದ್ದರೆ ಬಸ್ಸಿನಲ್ಲಿ ಯಾರೂ ಏಕೆ ಕೇಳುವುದಿಲ್ಲ, ಚಾಲಕನೇ 'ಬೇಡ ಬಿಡಿ' ಎಂದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ನಾನು ಹಲವು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ಬಾಡಿಗೆ ಕಾರುಗಳನ್ನೂ ಬಸ್ಸುಗಳನ್ನೂ ನೆಚ್ಚಿಕೊಂಡು ಓಡಾಡಿದ್ದೇನೆ. ಕಾನೂನು ಈಗ ಬಹುಪಾಲು ಕಡೆ ಇದೆ. ಆದರೂ ಒಂದು ಊರಿನಲ್ಲಿ ಅದು ನಡೆಯುತ್ತದೆ, ಇನ್ನೊಂದರಲ್ಲಿ ಕಾಗದದಲ್ಲೇ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ನಾನು ಕಂಡುಕೊಂಡ ಮುಖ್ಯ ಕಾರಣ, ಬೆಲ್ಟ್ ಹಾಕದಿದ್ದಾಗ ದಂಡ ಯಾರ ತಲೆಗೆ ಬರುತ್ತದೆ ಎಂಬುದು.

ದುಬೈಯಲ್ಲಿ ಮೊದಲ ಸಲ ಟ್ಯಾಕ್ಸಿ ಹತ್ತಿದಾಗ ಆದದ್ದನ್ನೇ ಹೇಳುತ್ತೇನೆ. ಹೋಗಬೇಕಾದ ಸ್ಥಳ ಹೇಳಿ ಮೊಬೈಲ್ ತೆಗೆದು ಕೂತೆ, ಗಾಡಿ ಕದಲಲಿಲ್ಲ. ತಲೆ ಎತ್ತಿ ನೋಡಿದರೆ ಚಾಲಕ ಕನ್ನಡಿಯಲ್ಲಿ ನನ್ನ ಹೆಗಲನ್ನೇ ನೋಡುತ್ತಿದ್ದ. ನಾನು ಬೆಲ್ಟ್ ಎಳೆದು ಸಿಕ್ಕಿಸಿದ ಸದ್ದು ಕೇಳಿಸಿದ ಮೇಲೆಯೇ ಅವನು ಗೇರ್ ಹಾಕಿದ್ದು. ಇದರ ಹಿಂದಿನ ಲೆಕ್ಕ ಆಮೇಲೆ ತಿಳಿಯಿತು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2017ರ ಜುಲೈಯಿಂದ ಮುಂದಿನ ಹಾಗೂ ಹಿಂದಿನ ಎಲ್ಲ ಸೀಟುಗಳವರಿಗೂ ಬೆಲ್ಟ್ ಕಡ್ಡಾಯ. ಹಿಂದೆ ಕೂತವರು ತಪ್ಪಿದರೂ 400 ದಿರ್ಹಾಂ ದಂಡ ಮತ್ತು ನಾಲ್ಕು ಕಪ್ಪು ಅಂಕಗಳು ಬರುವುದು ಚಾಲಕನಿಗೆ. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವನಿಗೆ ದಂಡಕ್ಕಿಂತಲೂ ಆ ಅಂಕಗಳೇ ಭಾರ, ಏಕೆಂದರೆ ಅವು ಕೂಡುತ್ತ ಹೋದರೆ ಲೈಸೆನ್ಸಿಗೇ ಕುತ್ತು.

ಸಿಂಗಪುರದವರು ಹೊಣೆಯನ್ನು ಇಬ್ಬರಿಗೂ ಹಂಚಿದ್ದಾರೆ. ಬೆಲ್ಟ್ ಹಾಕದ ಪ್ರಯಾಣಿಕನಿಗೆ 120 ಸಿಂಗಪುರ ಡಾಲರ್ ದಂಡ. ಚಾಲಕನಿಗೂ ಅಷ್ಟೇ ದಂಡ, ಜೊತೆಗೆ ಮೂರು ಡಿಮೆರಿಟ್ ಅಂಕ. ನನ್ನ ಅನುಭವದಲ್ಲಿ ಅಚ್ಚುಕಟ್ಟಾಗಿ ಪಾಲನೆಯಾಗುವುದು ಇಂಥ ಕಡೆಯೇ. ಹೇಳುವವನಿಗೂ ಹೇಳಿಸಿಕೊಳ್ಳುವವನಿಗೂ ಸಮಾನ ಭಯವಿದ್ದಾಗ ಮಾತಿಗೆ ಮುಜುಗರ ಇರುವುದಿಲ್ಲ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಮುಂದಿನ ಸೀಟುಗಳಿಗೆ ಬೆಲ್ಟ್ ಕಡ್ಡಾಯವಾದದ್ದು 1983ರ ಜನವರಿ 31ರಂದು, ಹಿಂದೆ ಕೂರುವ ವಯಸ್ಕರಿಗೆ 1991ರಲ್ಲಿ. ಹದಿನಾಲ್ಕು ತುಂಬಿದ ಪ್ರಯಾಣಿಕ ತನ್ನ ಬೆಲ್ಟಿಗೆ ತಾನೇ ಹೊಣೆ. ಸ್ಥಳದಲ್ಲಿ 100 ಪೌಂಡ್ ದಂಡ, ನ್ಯಾಯಾಲಯಕ್ಕೆ ಹೋದರೆ 500ರವರೆಗೆ. ಸೋಜಿಗವೆಂದರೆ ಲೈಸೆನ್ಸ್ ಪಡೆದ ಟ್ಯಾಕ್ಸಿಯ ಚಾಲಕ ಬಾಡಿಗೆ ಹುಡುಕುವಾಗಲಾಗಲಿ, ಜನರನ್ನು ಕೂರಿಸಿಕೊಂಡು ಹೋಗುವಾಗಲಾಗಲಿ ತಾನು ಬೆಲ್ಟ್ ಹಾಕಬೇಕಾಗಿಲ್ಲ. ಹಿಂದೆ ಕೂತವನು ಅದೇ ಪಟ್ಟಿಯಿಂದ ಕುತ್ತಿಗೆ ಬಿಗಿದು ಸುಲಿಗೆ ಮಾಡಿಯಾನು ಎಂಬ ಅಂಜಿಕೆ, ಸಾಮಾನು ಎತ್ತಿಕೊಡಲು ಪದೇ ಪದೇ ಇಳಿಯಬೇಕೆಂಬ ನೆಪ, ಇಂಥ ವಾದಗಳ ಮೇಲೆ ಈ ವಿನಾಯಿತಿ ನಿಂತಿದೆ. ಜರ್ಮನಿಯಲ್ಲೂ ಪ್ರಯಾಣಿಕರಿರುವಾಗ ಟ್ಯಾಕ್ಸಿ ಚಾಲಕನಿಗೆ ಹೀಗೆಯೇ ವಿನಾಯಿತಿ ಇತ್ತು. 2014ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲಿ ಈಗ ಯಾರು ತಪ್ಪಿದರೂ 30 ಯೂರೋ. ನನಗೆ ಜರ್ಮನರ ನಿಲುವೇ ಸರಿಯೆನಿಸುತ್ತದೆ: ತಾನು ಬೆಲ್ಟ್ ಹಾಕದ ಚಾಲಕ ಹಿಂದಿನವರಿಗೆ ಯಾವ ಬಾಯಿಯಿಂದ ಹೇಳಿಯಾನು?

ಜಪಾನಿನಲ್ಲಿ 2008ರ ಜೂನ್‌ನಿಂದ ಹಿಂಬದಿ ಸೀಟಿಗೂ ಬೆಲ್ಟ್ ಕಡ್ಡಾಯವಾಯಿತಾದರೂ ಅಂಕದ ಶಿಕ್ಷೆ ಇರುವುದು ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಮಾತ್ರ, ಅದೂ ಚಾಲಕನಿಗೆ ಒಂದು ಅಂಕ. ಸಾಧಾರಣ ರಸ್ತೆಯಲ್ಲಿ ಪೊಲೀಸರು ಬಾಯಿಮಾತಿನ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಪೇಟೆಯೊಳಗಿನ ಟ್ಯಾಕ್ಸಿಯೊಂದರಲ್ಲಿ ಬಕಲ್ ಹುಡುಕಲು ಶುಭ್ರ ಬಿಳಿಯ ಸೀಟ್ ಹೊದಿಕೆಯ ಸಂದಿಗೆ ಮಣಿಕಟ್ಟಿನವರೆಗೆ ಕೈ ತೂರಿಸಬೇಕಾಯಿತು. ಬಾಗಿಲು ತಾನಾಗಿ ತೆರೆದು ಮುಚ್ಚುವ ಗಾಡಿ, ಕೈಗವಸು ತೊಟ್ಟ ಚಾಲಕ, ಎಲ್ಲವೂ ಒಪ್ಪವಾಗಿರುವಲ್ಲಿ ಬಕಲ್ ಮಾತ್ರ ಹೂತುಹೋಗಿತ್ತು.

ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಗಳಲ್ಲಿ 1997ರಿಂದ ಕೆಲವು ವರ್ಷ ಹೆಸರಾಂತ ಕಲಾವಿದರ, ಕ್ರೀಡಾ ಲೋಕದವರ ಮುದ್ರಿತ ಧ್ವನಿಯಲ್ಲಿ 'ಬೆಲ್ಟ್ ಹಾಕಿಕೊಳ್ಳಿ' ಎಂದು ಹೇಳಿಸುತ್ತಿದ್ದರು. ಜನ ಬೇಸತ್ತರು, ದಿನವಿಡೀ ಅದನ್ನೇ ಕೇಳುವ ಚಾಲಕರು ಇನ್ನೂ ಬೇಸತ್ತರು. 2003ರಲ್ಲಿ ಅದು ನಿಂತಿತು. ಆ ರಾಜ್ಯದಲ್ಲಿ ಹಿಂದಿನ ಸೀಟಿನ ವಯಸ್ಕರಿಗೆ ಬೆಲ್ಟ್ ಕಡ್ಡಾಯವಾದದ್ದು 2020ರ ನವೆಂಬರ್ 1ರಿಂದ. ಪಕ್ಕದ ನ್ಯೂಜೆರ್ಸಿಯಲ್ಲಿ 2015ರ ಮೇ 23ರಂದು ನಡೆದದ್ದು ನಿಮಗೆ ನೆನಪಿರಬಹುದು. ನಾರ್ವೆಯಲ್ಲಿ ಆಬೆಲ್ ಪ್ರಶಸ್ತಿ ಸ್ವೀಕರಿಸಿ ಮರಳಿದ ಗಣಿತಜ್ಞ ಜಾನ್ ನ್ಯಾಶ್ ಮತ್ತು ಅವರ ಪತ್ನಿ ಅಲಿಸಿಯಾ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಮನೆಗೆ ಹೋಗುತ್ತಿದ್ದರು. ಚಾಲಕ ಇನ್ನೊಂದು ಕಾರನ್ನು ಹಿಂದಿಕ್ಕಲು ಹೋಗಿ ಹತೋಟಿ ತಪ್ಪಿ ಕಾರು ತಡೆಬೇಲಿಗೆ ಬಡಿಯಿತು. ದಂಪತಿ ಹೊರಕ್ಕೆ ಎಸೆಯಲ್ಪಟ್ಟು ಸತ್ತರು, ಚಾಲಕ ಬದುಕಿದ. ಇಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಕಾಣುತ್ತದೆ ಎಂದು ಪೊಲೀಸರು ಹೇಳಿದರು.

ಹಿಂದಿನ ಸೀಟು ಸುರಕ್ಷಿತ ಎಂಬ ನಂಬಿಕೆ ಎಲ್ಲ ಕಡೆಯೂ ಬೇರೂರಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಬಡಿದರೆ, ಒಳಗಿರುವ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದು ಸುಮಾರು ಹತ್ತು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಬೆಲ್ಟಿಲ್ಲದ ಹಿಂಬದಿಯವನು ಮುಂದಿನ ಸೀಟಿನ ಬೆನ್ನಿಗೆ ಅಪ್ಪಳಿಸುತ್ತಾನೆ, ಆ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತವನನ್ನೂ ಜಜ್ಜುತ್ತಾನೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಪರದೆ ಇರುವ ಟ್ಯಾಕ್ಸಿಗಳಲ್ಲಿ ಮುಖವೇ ನೇರವಾಗಿ ಅದಕ್ಕೆ ಬಡಿಯುತ್ತದೆ.

ಇನ್ನು ಬಸ್ಸು. ಜನ ನಿಂತು ಪ್ರಯಾಣಿಸುವ ನಗರ ಬಸ್ಸುಗಳಲ್ಲಿ ಯುರೋಪಿನಲ್ಲಿ ಬೆಲ್ಟ್ ಇರುವುದೇ ಇಲ್ಲ; ವೇಗ ಕಡಿಮೆ, ಗಾಡಿ ಭಾರವಾದ್ದರಿಂದ ಡಿಕ್ಕಿಯಾದರೂ ಒಳಗಿನವರಿಗೆ ತಗಲುವ ಪೆಟ್ಟು ಸಾಮಾನ್ಯವಾಗಿ ಕಡಿಮೆ, ಅಲ್ಲದೆ ನಿಂತವರಿಗೆ ಕಟ್ಟುವುದಾದರೂ ಏನನ್ನು? ದೂರ ಪ್ರಯಾಣದ ಕೋಚುಗಳ ಮಾತು ಬೇರೆ. ಐರೋಪ್ಯ ಒಕ್ಕೂಟದ 2003ರ ನಿರ್ದೇಶನದಂತೆ, ಬೆಲ್ಟ್ ಅಳವಡಿಸಿರುವ ಕೋಚಿನಲ್ಲಿ ಕೂತವರು ಅದನ್ನು ಹಾಕಲೇಬೇಕು. ಅಮೆರಿಕದಲ್ಲಿ 2016ರ ನವೆಂಬರಿನಿಂದ ತಯಾರಾಗುವ ದೊಡ್ಡ ಕೋಚುಗಳಿಗೆ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಇರಲೇಬೇಕು. ಕೋಚು ಮಗುಚಿದಾಗ ಕಿಟಕಿಯಿಂದ ಹೊರಗೆ ಬೀಳುವುದೇ ಹೆಚ್ಚಿನ ಅಪಾಯವಾದ್ದರಿಂದ, ರಾತ್ರಿ ಪ್ರಯಾಣದಲ್ಲಿ ನಾನು ಹೊದಿಕೆಯ ಒಳಗೆಯೇ ಬೆಲ್ಟ್ ಬಿಗಿದುಕೊಂಡು ಮಲಗುತ್ತೇನೆ.

ಹಾಂಗ್‌ಕಾಂಗ್ ಈ ವಿಷಯದಲ್ಲಿ ಹಂತ ಹಂತವಾಗಿ ಮುಂದುವರಿದ ಊರು: ಟ್ಯಾಕ್ಸಿಯ ಹಿಂದಿನ ಸೀಟಿಗೆ 2001ರಿಂದ, ಮಿನಿಬಸ್ಸಿಗೆ 2004ರ ಆಗಸ್ಟಿನಿಂದ. ಮಿನಿಬಸ್ಸಿನಲ್ಲಿ ಬೆಲ್ಟ್ ಇದ್ದೂ ಹಾಕದ ಪ್ರಯಾಣಿಕನಿಗೆ ಗರಿಷ್ಠ 5,000 ಹಾಂಗ್‌ಕಾಂಗ್ ಡಾಲರ್ ದಂಡ, ಮೂರು ತಿಂಗಳ ಸೆರೆವಾಸ. ಇಷ್ಟು ಕಠಿಣ ಶಿಕ್ಷೆ ಪುಸ್ತಕದಲ್ಲಿದ್ದರೂ, ನಾನು ಹತ್ತಿದ ಮಿನಿಬಸ್ಸುಗಳಲ್ಲಿ ಅನೇಕರು ಬೆಲ್ಟನ್ನು ಮುಟ್ಟುತ್ತಲೂ ಇರಲಿಲ್ಲ. ಪ್ರಯಾಣಿಕನೇ ಹೊಣೆಯಾದ್ದರಿಂದ ಚಾಲಕ ತಿರುಗಿ ನೋಡುವುದಿಲ್ಲ. ಪೊಲೀಸರು ಒಳಗೆ ಹತ್ತಿ ಬಂದರೆ ಮಾತ್ರ ಪಟಪಟನೆ ಬಕಲ್‌ಗಳ ಸದ್ದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ ಪೊಲೀಸರ ಕಣ್ಣನ್ನೇ ನೆಚ್ಚದೆ, 2024ರ ಜುಲೈಯಿಂದ ಮೊಬೈಲ್ ಬಳಕೆ ಹಿಡಿಯುವ ರಸ್ತೆ ಕ್ಯಾಮೆರಾಗಳಿಂದಲೇ ಬೆಲ್ಟನ್ನೂ ನೋಡುತ್ತಿದೆ.

ಮಕ್ಕಳೊಂದಿಗೆ ಹೋಗುವವರಾದರೆ ಒಂದು ಮಾತು. ಸಿಂಗಪುರದಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಮಕ್ಕಳ ಸೀಟು ಬೇಕು. ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಕರೆಸುವ ಖಾಸಗಿ ಬಾಡಿಗೆ ಕಾರಿಗೆ ಇಲ್ಲ. ವಿನಾಯಿತಿ ಇರುವುದು ದಂಡದಿಂದ, ಡಿಕ್ಕಿಯಿಂದಲ್ಲ. ಸಾಧ್ಯವಾದರೆ ಸೀಟನ್ನು ಜೊತೆಗೆ ಒಯ್ಯಿರಿ.

ಕೊನೆಯ ಪ್ರಶ್ನೆ, ಚಾಲಕ ಬೇಡವೆಂದರೆ? ಕೆಲವು ದೇಶಗಳಲ್ಲಿ ಬೆಲ್ಟಿಗೆ ಕೈಹಾಕಿದರೆ ತನ್ನ ಚಾಲನೆಯ ಮೇಲೆ ನಂಬಿಕೆಯಿಲ್ಲವೆಂದು ಚಾಲಕ ಮುಖ ಸಿಂಡರಿಸುತ್ತಾನೆ. ನಾನು 'ನನಗೆ ಅಭ್ಯಾಸ' ಎಂದಷ್ಟೇ ಹೇಳಿ ಹಾಕಿಕೊಳ್ಳುತ್ತೇನೆ, ವಾದಕ್ಕಿಳಿಯುವುದಿಲ್ಲ. ಬಕಲ್ ಮುರಿದಿದ್ದರೆ ಗಾಡಿ ಹೊರಡುವ ಮೊದಲೇ ಇನ್ನೊಂದು ಸೀಟಿಗೆ ಸರಿಯುತ್ತೇನೆ, ಅಲ್ಲೂ ಇಲ್ಲದಿದ್ದರೆ ಇಳಿದು ಬೇರೆ ಗಾಡಿ ನೋಡುತ್ತೇನೆ. ಒಮ್ಮೆ ಮಾತ್ರ ಈ ಹಟಕ್ಕೆ ಬೆಲೆ ತೆತ್ತೆ: ವರ್ಷಗಟ್ಟಲೆ ಯಾರೂ ಎಳೆಯದ ಬೆಲ್ಟೊಂದನ್ನು ಎಳೆದು ಕಟ್ಟಿಕೊಂಡು ಸಭೆಗೆ ಹೋಗಿ ಇಳಿದಾಗ, ಬಿಳಿ ಅಂಗಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಕಂದು ಧೂಳಿನ ಪಟ್ಟಿ ಅಚ್ಚೊತ್ತಿದಂತೆ ಮೂಡಿತ್ತು. ಚಾಲಕ ಅದನ್ನು ನೋಡಿ ನಕ್ಕ. ಒರೆಸಿಕೊಳ್ಳಲು ಬಟ್ಟೆಯನ್ನೂ ಅವನೇ ಕೊಟ್ಟ.